ಗೋಡೆ ಬಿದ್ದರೂ ಬಾಳಿದ ಪೇಟೆ
ಶಿರಾ ಸೀಮೆಯ ವರ್ತಕರು ಅರಿಯಬೇಕಾದ ಬೆಂಗಳೂರಿನ ಹಳೆಯ ಪೇಟೆಯ ಕಥೆ

ಶಿರಾ ತಾಲ್ಲೂಕಿನ ಕಳ್ಳಂಬೆಳ್ಳವು ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿರುವ ಹೋಬಳಿ ಕೇಂದ್ರ. ವಿಶಾಲವಾದ ಕೆರೆಯಿಂದ ಹೆಸರಾದ ಊರು. ಇಲ್ಲಿನ ಜವಳಿ ಅಂಗಡಿಯವರಿಗೂ ಪಾತ್ರೆ, ಪುಸ್ತಕ, ವಿದ್ಯುತ್ ಸಾಮಾನು ಮಾರುವವರಿಗೂ ಬೆಂಗಳೂರಿನ ಪೇಟೆಗೆ ಹೋಗಿ ಬರುವುದು ಹೊಸ ಸಂಗತಿಯೇನಲ್ಲ. ಮಧುಗಿರಿ, ಕೊರಟಗೆರೆ, ಪಾವಗಡಗಳ ವರ್ತಕರದೂ ಇದೇ ರೂಢಿ. ಬೆಳಗಿನ ಬಸ್ಸಿಗೆ ಹೊರಟು, ಚಿಕ್ಕಪೇಟೆಯಲ್ಲೋ ಅವೆನ್ಯೂ ರಸ್ತೆಯಲ್ಲೋ ಸರಕು ಕೊಂಡು, ಲಾರಿ ಕಚೇರಿಗೆ ಮೂಟೆ ಒಪ್ಪಿಸಿ, ಸಂಜೆಗೆ ಊರು ಸೇರುವುದು ಎಷ್ಟೋ ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಬಂದ ವಾಡಿಕೆ. ಆದರೆ ಸರಕಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ಓಡಾಡುವವರಿಗೆ ಆ ಪೇಟೆಯನ್ನು ಕಣ್ತೆರೆದು ನೋಡುವ ಪುರುಸೊತ್ತು ಸಿಗುವುದು ಅಪರೂಪ.

ಬೆಂಗಳೂರು ಇಂದು ಮಾಹಿತಿ ತಂತ್ರಜ್ಞಾನದ ನಗರವೆಂದು ಲೋಕಪ್ರಸಿದ್ಧವಾಗಿದೆ. ಆದರೆ ಈ ಮಹಾನಗರದ ಬೀಜ ಬಿದ್ದದ್ದು ಕೆಲವೇ ಬೀದಿಗಳ ಒಂದು ವ್ಯಾಪಾರಿ ಪೇಟೆಯಲ್ಲಿ. ಆ ಪೇಟೆ ಸುಮಾರು ಐದು ಶತಮಾನಗಳಿಂದ ಅದೇ ಸ್ಥಳದಲ್ಲಿ, ಬಹುಪಾಲು ಅದೇ ಬೀದಿಗಳಲ್ಲಿ ವ್ಯಾಪಾರ ನಡೆಸುತ್ತಿದೆ. ಅದು ಹೇಗೆ ಉಳಿಯಿತು, ಮುಂದೆಯೂ ಉಳಿಯಬೇಕಾದರೆ ಏನಾಗಬೇಕು ಎಂಬ ಪ್ರಶ್ನೆಗಳು ಇತಿಹಾಸಕಾರರಿಗಷ್ಟೇ ಸಂಬಂಧಿಸಿದವಲ್ಲ. ಅಲ್ಲಿಂದ ಸರಕು ತರುವ, ಅಲ್ಲಿಗೆ ಸರಕು ಕಳುಹಿಸುವ ಪ್ರತಿಯೊಬ್ಬ ವರ್ತಕನ, ಸಣ್ಣ ಉದ್ದಿಮೆದಾರನ ಲಾಭನಷ್ಟಕ್ಕೂ ಸಂಬಂಧಿಸಿದವು. ಶಿರಾ ಸೀಮೆಯವರಿಗಂತೂ ಇದರಲ್ಲಿ ತಮ್ಮದೇ ಊರಿನ ಹಳೆಯ ಪಾಠವೊಂದು ಅಡಗಿದೆ.

ಮೂರು ಲಕ್ಷ ರೂಪಾಯಿಯ ವ್ಯವಹಾರ

ಬೆಂಗಳೂರು ನಗರವೇ ಒಮ್ಮೆ ವ್ಯಾಪಾರದ ವಸ್ತುವಾಗಿತ್ತು. ಆ ವ್ಯವಹಾರ ಮುಗಿಸಿದಾತ ಬಳಿಕ ನೆಲೆ ಮಾಡಿಕೊಂಡದ್ದು ಶಿರಾದಲ್ಲಿ. ಕೆಂಪೇಗೌಡರ ವಂಶದ ಕೈಯಲ್ಲಿದ್ದ ಬೆಂಗಳೂರನ್ನು 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನು ಗೆದ್ದನು. ಶಿರಾ ಕೂಡ ಅದೇ ದಂಡಯಾತ್ರೆಯ ಕಾಲದಲ್ಲಿ ಬಿಜಾಪುರದ ವಶವಾಯಿತು. ಬೆಂಗಳೂರು ಷಹಾಜಿಗೆ ಜಹಗೀರಾಗಿ ದೊರೆತು, ಅನಂತರ ಅವನ ಮಗ ಏಕೋಜಿಯ ಪಾಲಿಗೆ ಬಂತು. ತಂಜಾವೂರಿನಲ್ಲಿ ನೆಲೆಸಿದ್ದ ಏಕೋಜಿಗೆ ದೂರದ ಬೆಂಗಳೂರನ್ನು ಕಾಪಾಡಿಕೊಳ್ಳುವುದು ಭಾರವೆನಿಸಿ, ಅದನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ 3 ಲಕ್ಷ ರೂಪಾಯಿಗೆ ಕೊಡುವ ಮಾತುಕತೆ ಆರಂಭಿಸಿದನು. ವ್ಯವಹಾರ ಕುದುರುವ ಮೊದಲೇ, 1687ರಲ್ಲಿ, ಔರಂಗಜೇಬನ ಸೇನಾನಿ ಖಾಸಿಂ ಖಾನನು ಊರನ್ನು ಹಿಡಿದನು. ಮುಂದೆ ಅದೇ 3 ಲಕ್ಷ ರೂಪಾಯಿಗೆ ಬೆಂಗಳೂರು ಮೈಸೂರಿನ ಒಡೆತನಕ್ಕೆ ಬಂತು.

ಮೊಗಲರು ಈ ಭಾಗದ ಆಡಳಿತ ಕೇಂದ್ರವಾಗಿ ಆರಿಸಿಕೊಂಡದ್ದು ಬೆಂಗಳೂರನ್ನಲ್ಲ, ಶಿರಾವನ್ನು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳ ಶಿರಾ ಸುಬೆಗೆ ಖಾಸಿಂ ಖಾನನು ಸುಬೇದಾರನಾದನು. ಶಿರಾದ ಜುಮ್ಮಾ ಮಸೀದಿ 1696ರದು. ಸುಬೇದಾರ ದಿಲಾವರ್ ಖಾನನ ಕಾಲದಲ್ಲಿ ಈ ನಗರವು ವೈಭವದ ತುದಿಯನ್ನು ಮುಟ್ಟಿತ್ತು. ಆಗ ಅಲ್ಲಿ 50,000 ಮನೆಗಳಿದ್ದುವೆಂಬ ಹೇಳಿಕೆ ಹಳೆಯ ಮೈಸೂರು ಗ್ಯಾಸೆಟಿಯರಿನಲ್ಲಿದೆ. ಅವನು ಕಟ್ಟಿಸಿದ ಅರಮನೆಯೇ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂದೂ, ಶಿರಾದ ಖಾನ್ ಬಾಗ್ ತೋಟವು ಲಾಲ್‌ಬಾಗಿನ ಕಲ್ಪನೆಗೆ ಪ್ರೇರಣೆಯಾಗಿದ್ದಿರಬಹುದೆಂದೂ ಅದೇ ಗ್ರಂಥ ಹೇಳುತ್ತದೆ. ಅಂದರೆ ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಬೆಂಗಳೂರಿನವರು ಶಿರಾದ ಕಡೆಗೆ ತಲೆಯೆತ್ತಿ ನೋಡುವ ಕಾಲವಿತ್ತು.

ಎರಡು ಊರು, ಎರಡು ದಾರಿ

ಆಮೇಲಿನ ಕಥೆ ವರ್ತಕರು ವಿಶೇಷವಾಗಿ ಗಮನಿಸಬೇಕಾದದ್ದು. ಶಿರಾ 1757ರಲ್ಲಿ ಮರಾಠರ ಕೈಗೆ, 1761ರಲ್ಲಿ ಹೈದರಾಲಿಯ ಕೈಗೆ, 1766ರಲ್ಲಿ ಮತ್ತೆ ಮರಾಠರಿಗೆ, 1774ರಲ್ಲಿ ಟಿಪ್ಪುವಿನ ಮೂಲಕ ಮತ್ತೆ ಮೈಸೂರಿಗೆ ಹೀಗೆ ಕೈ ಬದಲಾಯಿಸುತ್ತಲೇ ಹೋಯಿತು. ಪ್ರತಿಯೊಂದು ದಂಡಿನ ಹಾದಿಯೂ ಮೊದಲು ತುಳಿದದ್ದು ಅಂಗಡಿಬೀದಿಯನ್ನು. ಇದಕ್ಕಿಂತಲೂ ದೊಡ್ಡ ಪೆಟ್ಟು ಯುದ್ಧದಿಂದ ಬಂದದ್ದಲ್ಲ. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಜನವಸತಿ ಬೆಳೆಸಲು ಟಿಪ್ಪುವು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಕರೆಸಿಕೊಂಡನೆಂದು ಗ್ಯಾಸೆಟಿಯರ್ ದಾಖಲಿಸಿದೆ. ಕೋಟೆ ಉಳಿಯಿತು, ಮಸೀದಿ ಉಳಿಯಿತು, ಮಲಿಕ್ ರಿಹಾನನ ಸಮಾಧಿ ಉಳಿಯಿತು. ಆದರೆ ಕಸುಬುದಾರರೂ ವ್ಯಾಪಾರಿಗಳೂ ಗಿರಾಕಿಗಳೂ ಹೋದ ಮೇಲೆ ರಾಜಧಾನಿಯ ಮಾರುಕಟ್ಟೆ ತಾಲ್ಲೂಕು ಕೇಂದ್ರದ ಸಂತೆಯ ಮಟ್ಟಕ್ಕೆ ಇಳಿಯಿತು.

ಬೆಂಗಳೂರಿಗೂ ಇಂಥ ಪೆಟ್ಟು ಬಿದ್ದೇ ಇತ್ತು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯವು ಪೇಟೆಯನ್ನೂ, ಅದೇ ತಿಂಗಳ 21ರಂದು ಕೋಟೆಯನ್ನೂ ಹಿಡಿಯಿತು. ಪೇಟೆ ಸೂರೆಯಾಯಿತು, ಜನ ಚದುರಿದರು. ಆದರೆ ಚದುರಿದ ಜನ ಮರಳಿ ಬಂದರು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ನಾಡಿನ ಬೇಸಾಯ, ಕಸುಬು, ವಾಣಿಜ್ಯಗಳನ್ನು ಪರಿಶೀಲಿಸುತ್ತ ಬೆಂಗಳೂರಿಗೂ, ಮಧುಗಿರಿ–ಶಿರಾಗಳಿಗೂ ಬಂದನು. ಬೆಂಗಳೂರಿನ ಪೇಟೆ ಆಗಲೇ ಚೇತರಿಸಿಕೊಳ್ಳುತ್ತಿದ್ದುದನ್ನೂ, ಅರಳೆ, ಬಟ್ಟೆ, ಉಪ್ಪು, ಅಡಿಕೆ ಮೊದಲಾದ ಸರಕುಗಳು ದೂರದೂರದಿಂದ ಎತ್ತುಗಳ ಬೆನ್ನಮೇಲೆ ಬಂದು ಹೋಗುತ್ತಿದ್ದುದನ್ನೂ ಅವನ ಬರಹದಿಂದ ತಿಳಿಯಬಹುದು.

ಈ ಎರಡು ಊರುಗಳ ಹೋಲಿಕೆಯಿಂದ ಹೊರಡುವ ತಾತ್ಪರ್ಯ ಒಂದೇ. ಶಿರಾದಲ್ಲಿ ಕಟ್ಟಡಗಳು ನಿಂತವು, ಮಾರುಕಟ್ಟೆ ಕರಗಿತು. ಬೆಂಗಳೂರಿನಲ್ಲಿ ಪೇಟೆಯ ಕೋಟೆಗೋಡೆಯೂ ಕಂದಕವೂ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲವಾದವು, ಆದರೆ ಪೇಟೆ ನಿಂತಿತು. ಪೇಟೆಯನ್ನು ಕಾಯುವುದು ಕಲ್ಲಲ್ಲ, ಅಲ್ಲಿ ವ್ಯಾಪಾರ ಮಾಡುವ ಜನ.

ಪೇಟೆಯ ವಿನ್ಯಾಸ

ಮೊದಲನೆಯ ಕೆಂಪೇಗೌಡರು ಬೆಂಗಳೂರನ್ನು ಸ್ಥಾಪಿಸಿದ ವರ್ಷ 1537 ಎಂಬುದು ಪ್ರಚಲಿತ ಗಣನೆ. ಊರಿನ ನಡುವಿನಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿದ ಎತ್ತುಗಳನ್ನು ಬಿಟ್ಟು, ಅವು ಗೆರೆ ಎಳೆದಲ್ಲಿ ಬೀದಿಗಳನ್ನು ಗುರುತಿಸಿದರೆಂಬುದು ಜನಜನಿತವಾದ ಐತಿಹ್ಯ. ಐತಿಹ್ಯದ ಮಾತೇನೇ ಇರಲಿ, ವಿನ್ಯಾಸವಂತೂ ಇಂದಿಗೂ ನೆಲದ ಮೇಲೆ ಕಾಣುತ್ತದೆ. ಉತ್ತರದ ಯಲಹಂಕ ಬಾಗಿಲಿನಿಂದ ದಕ್ಷಿಣದ ಕೋಟೆಯ ಕಡೆಗೆ ದೊಡ್ಡಪೇಟೆ. ಪೂರ್ವದ ಹಲಸೂರು ಬಾಗಿಲಿನಿಂದ ಪಶ್ಚಿಮದ ಸೊಂಡೆಕೊಪ್ಪ ಬಾಗಿಲಿನ ಕಡೆಗೆ ಚಿಕ್ಕಪೇಟೆಯ ಸಾಲು. ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಬಾಗಿಲುಗಳು ಇಲ್ಲವಾಗಿವೆ, ಆದರೆ ಹಲಸೂರು ಗೇಟ್ ಎಂಬ ಹೆಸರು ಪೊಲೀಸ್ ಠಾಣೆಯೊಂದಕ್ಕೆ ಅಂಟಿಕೊಂಡು ಇನ್ನೂ ಬದುಕಿದೆ.

ಈ ಎರಡು ಮುಖ್ಯ ಬೀದಿಗಳ ಸುತ್ತ ಒಂದೊಂದು ಸರಕಿಗೆ, ಒಂದೊಂದು ಕಸುಬಿಗೆ ಒಂದೊಂದು ಪೇಟೆ ಹುಟ್ಟಿಕೊಂಡಿತು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆಗಳು ಸರಕಿನ ಹೆಸರು ಹೊತ್ತವು. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆಗಳು ಕಸುಬಿನವರ, ಸಮುದಾಯದವರ ಹೆಸರು ಹೊತ್ತವು. ನಗರ್ತಪೇಟೆಯ ಹೆಸರು ನಗರ್ತ ವರ್ತಕ ಸಮುದಾಯದಿಂದ ಬಂದದ್ದು. ತರಗುಪೇಟೆ ದವಸಧಾನ್ಯಗಳ ಸಗಟು ವ್ಯಾಪಾರಕ್ಕೆ ಹೆಸರಾಯಿತು. ಮುಂದೆ ಬಂದ ಕಬ್ಬನ್‌ಪೇಟೆ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ನನ ಹೆಸರಿನದು. ನೇಕಾರರ ಮಗ್ಗಗಳಿಗೆ ಅದು ಬಹುಕಾಲ ನೆಲೆಯಾಯಿತು. ಹೀಗೆ ಪೇಟೆಯ ಬೀದಿಗಳ ಹೆಸರುಗಳನ್ನು ಸಾಲಾಗಿ ಓದಿದರೆ ಹಳೆಯ ಕಾಲದ ಒಂದು ಸರಕುಪಟ್ಟಿಯನ್ನು ಓದಿದಂತಾಗುತ್ತದೆ.

ನಡೆದು ನೋಡುವ ಬಗೆ

ಪೇಟೆಯನ್ನು ಅರಿಯಲು ಕಾಲ್ನಡಿಗೆಯೇ ಸರಿಯಾದ ಸಾಧನ. ತುಮಕೂರು ಕಡೆಯಿಂದ ಬರುವವರಿಗೆ ಈಗ ದಾರಿ ಸುಲಭವಾಗಿದೆ. ನಮ್ಮ ಮೆಟ್ರೋದ ಹಸಿರು ಮಾರ್ಗವು 2024ರ ನವೆಂಬರಿನಲ್ಲಿ ತುಮಕೂರು ರಸ್ತೆಯ ಮಾದಾವರದವರೆಗೆ ವಿಸ್ತರಿಸಿತು. ಅಲ್ಲಿ ರೈಲು ಹತ್ತಿದರೆ ಮಾರ್ಗ ಬದಲಿಸದೆ ನೇರವಾಗಿ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿಯಬಹುದು. ಮೆಜೆಸ್ಟಿಕ್ಕಿನವರೆಗೆ ಬಸ್ಸಿನಲ್ಲಿ ಬಂದವರಿಗೆ ಚಿಕ್ಕಪೇಟೆ ಮುಂದಿನ ನಿಲ್ದಾಣವೇ ಆಗುತ್ತದೆ. ಚಿಕ್ಕಪೇಟೆಯ ಈ ನೆಲದಡಿಯ ನಿಲ್ದಾಣ ತೆರೆದದ್ದು 2017ರ ಜೂನಿನಲ್ಲಿ.

ನಡಿಗೆಯನ್ನು ಕೆಂಪೇಗೌಡ ರಸ್ತೆಯ ಮೈಸೂರು ಬ್ಯಾಂಕ್ ವೃತ್ತದಿಂದ ಆರಂಭಿಸುವುದು ಉಚಿತ. 1913ರಲ್ಲಿ ಸ್ಥಾಪನೆಯಾದ ಮೈಸೂರು ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದರೂ ವೃತ್ತಕ್ಕೆ ಅದರ ಹೆಸರೇ ಉಳಿದಿದೆ. ಪೇಟೆಯ ಬಾಯಲ್ಲೇ ರಾಜ್ಯದ ಬ್ಯಾಂಕು ನೆಲೆ ನಿಂತದ್ದು ಆಕಸ್ಮಿಕವಲ್ಲ. ಹಣ ಎಲ್ಲಿ ಕೈಯಿಂದ ಕೈಗೆ ಓಡುತ್ತದೆಯೋ ಅಲ್ಲಿಗೆ ಬ್ಯಾಂಕು ಬರುತ್ತದೆ. 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಸ್ಥಾಪಿತವಾದ ಮೈಸೂರು ವಾಣಿಜ್ಯ ಮಂಡಳಿಯ ಉತ್ತರಾಧಿಕಾರಿಯಾದ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯ ಕಟ್ಟಡವಿರುವುದೂ ಇದೇ ಕೆಂಪೇಗೌಡ ರಸ್ತೆಯಲ್ಲಿ.

ಇಲ್ಲಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯ ತನಕ ಅವೆನ್ಯೂ ರಸ್ತೆಯ ಉದ್ದ ಸುಮಾರು ಒಂದು ಕಿಲೋಮೀಟರು. ಪಠ್ಯಪುಸ್ತಕ, ಹಳೆಯ ಪುಸ್ತಕ, ಲೇಖನ ಸಾಮಗ್ರಿಗಳ ಅಂಗಡಿಗಳ ಸಾಲು, ನಡುವೆ ರೈಸ್ ಸ್ಮಾರಕ ಚರ್ಚು, ಚಿನ್ನಬೆಳ್ಳಿಯ ಮಳಿಗೆಗಳು, ಅಡ್ಡಡ್ಡಲಾಗಿ ಒಬ್ಬರೇ ನುಸುಳಬಹುದಾದ ಓಣಿಗಳು. ಚಿಕ್ಕಪೇಟೆಯ ಕೂಡುರಸ್ತೆಯಲ್ಲಿ ಪಶ್ಚಿಮಕ್ಕೆ ಹೊರಳಿದರೆ ರೇಷ್ಮೆ ಸೀರೆ, ಜವಳಿಗಳ ಲೋಕ. ಮದುವೆಯ ಹಂಗಾಮಿನಲ್ಲಿ ಇಲ್ಲಿ ಭುಜಕ್ಕೆ ಭುಜ ತಾಗದೆ ನಡೆಯುವಂತಿಲ್ಲ. ಮುಂದೆ ಬಳೇಪೇಟೆ. ಬಳೆಗೆ ಹೆಸರಾಗಿದ್ದ ಈ ಬೀದಿ ಕ್ರಮೇಣ ವೀಣೆ, ತಬಲ, ಹಾರ್ಮೋನಿಯಂ ಮೊದಲಾದ ವಾದ್ಯಗಳ ಅಂಗಡಿಗಳಿಗೂ ಹೆಸರಾಯಿತು. ಸಮೀಪದ ರಂಗನಾಥಸ್ವಾಮಿ ದೇವಾಲಯದ ಕಂಬಗಳಲ್ಲಿ ವಿಜಯನಗರ ಶೈಲಿಯ ಕೆತ್ತನೆಯನ್ನು ನೋಡಬಹುದು. ಸುಲ್ತಾನ್‌ಪೇಟೆಯಲ್ಲಿ ಕಾಗದ, ಮದುವೆಯ ಆಹ್ವಾನ ಪತ್ರಿಕೆಗಳ ವಹಿವಾಟು. ಪೂರ್ವದ ಅಂಚಿನ ಸಾದರ ಪತ್ರಪ್ಪ ರಸ್ತೆಯಲ್ಲಿ ವಿದ್ಯುನ್ಮಾನ ಬಿಡಿಭಾಗ, ಕಂಪ್ಯೂಟರ್, ಯಂತ್ರೋಪಕರಣಗಳ ಅಂಗಡಿಗಳು.

ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯವು ಬೆಂಗಳೂರು ಕರಗದ ಮೂಲಸ್ಥಾನ. ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಕರಗವು ಪೇಟೆಯ ಬೀದಿಗಳನ್ನೆಲ್ಲ ಸುತ್ತಿ, ಅರಳೆಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಭೇಟಿಯಿತ್ತು ಮರಳುತ್ತದೆ. ಬೇರೆ ಬೇರೆ ಮತದ, ಭಾಷೆಯ, ಕಸುಬಿನ ಜನ ಶತಮಾನಗಳ ಕಾಲ ಅಂಗಡಿಗೆ ಅಂಗಡಿ ತಾಗಿಸಿಕೊಂಡು ವ್ಯಾಪಾರ ನಡೆಸಿದ್ದರ ಗುರುತು ಇದು. ನಂಬಿಕೆಯಿಲ್ಲದ ಕಡೆ ಉದ್ದರಿ ನಡೆಯದು, ಉದ್ದರಿಯಿಲ್ಲದ ಕಡೆ ಸಗಟು ವ್ಯಾಪಾರ ಬೆಳೆಯದು.

ದಕ್ಷಿಣದ ತುದಿಯಲ್ಲಿ 1928ರ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಟ್ಟಡ ಸಿಗುತ್ತದೆ. ಹಿಂದೆ ಇಲ್ಲಿ ಸಿದ್ದಿಕಟ್ಟೆಯೆಂಬ ಕೆರೆಯಿತ್ತು. ಶಿವನಸಮುದ್ರದಿಂದ ಬಂದ ವಿದ್ಯುತ್ತಿನಿಂದ 1905ರಲ್ಲಿ ಬೆಂಗಳೂರಿನ ಮೊದಲ ಬೀದಿದೀಪ ಬೆಳಗಿದ್ದೂ ಇದೇ ಆಸುಪಾಸಿನಲ್ಲಿ. ಮಾರುಕಟ್ಟೆಯ ಎದುರಿಗೆ ಕೋಟೆಯ ಉಳಿದ ಭಾಗವಾದ ದೆಹಲಿ ಬಾಗಿಲು, ಅದರಾಚೆ ಚಿಕ್ಕದೇವರಾಜರ ಕಾಲದ ಕೋಟೆ ವೆಂಕಟರಮಣ ದೇವಾಲಯ, ಟಿಪ್ಪುವಿನ ಬೇಸಿಗೆ ಅರಮನೆ. ಶಿರಾದಿಂದ ಬಂದವರು ಈ ಅರಮನೆಯ ಮರದ ಕಂಬಗಳ ನಡುವೆ ನಿಂತು, ಇದಕ್ಕೆ ಮಾದರಿಯಾಯಿತೆನ್ನಲಾದ ತಮ್ಮೂರಿನ ಅರಮನೆಯನ್ನು ನೆನೆಯಬಹುದು.

ಬೀದಿಯೇ ಬಂಡವಾಳ

ಇಷ್ಟು ಇಕ್ಕಟ್ಟಾದ, ವಾಹನ ನಿಲ್ಲಿಸಲು ಜಾಗವಿಲ್ಲದ ಬೀದಿಗಳಿಗೆ ದೂರದ ಊರಿನ ವರ್ತಕರು ಇಂದಿಗೂ ಏಕೆ ಬರುತ್ತಾರೆ? ಉತ್ತರವು ಪೇಟೆಯ ಮೂಲ ವಿನ್ಯಾಸದಲ್ಲಿಯೇ ಇದೆ. ಒಂದೇ ಬಗೆಯ ಸರಕಿನ ಹತ್ತಾರು ಅಂಗಡಿಗಳು ಒಂದೇ ಬೀದಿಯಲ್ಲಿದ್ದಾಗ ಕೊಳ್ಳುವವನಿಗೆ ದರ ವಿಚಾರಿಸುವ ಶ್ರಮ ಕಡಿಮೆಯಾಗುತ್ತದೆ. ಒಂದು ಅಂಗಡಿಯಲ್ಲಿ ಇಲ್ಲದ ಬಣ್ಣ, ಅಳತೆ, ನಮೂನೆ ಪಕ್ಕದ ಅಂಗಡಿಯಲ್ಲಿ ದೊರೆಯುತ್ತದೆ. ಅನೇಕ ವೇಳೆ ಅಂಗಡಿಯವನೇ ಹುಡುಗನನ್ನು ಓಡಿಸಿ ತರಿಸಿಕೊಡುತ್ತಾನೆ. ಸ್ಪರ್ಧಿಗಳೇ ಒಬ್ಬರಿಗೊಬ್ಬರು ದಾಸ್ತಾನು ಮಳಿಗೆಗಳಾಗುವುದು ಇಲ್ಲಿನ ಸ್ವಾರಸ್ಯ. ಒಬ್ಬೊಬ್ಬ ವ್ಯಾಪಾರಿ ಸ್ವಲ್ಪವೇ ಬಂಡವಾಳ ಹೂಡಿದ್ದರೂ ಇಡೀ ಬೀದಿಯ ದಾಸ್ತಾನು ಅವನ ಬೆನ್ನಿಗಿರುತ್ತದೆ.

ಅದೇ ರೀತಿ ಬೀದಿಯ ಸುತ್ತ ಪೂರಕ ಕಸುಬುಗಳು ಬೆಳೆಯುತ್ತವೆ. ಸೀರೆಯಂಗಡಿಯ ಹಿಂದಿನ ಓಣಿಯಲ್ಲಿ ಕುಚ್ಚು ಕಟ್ಟುವವರು, ಫಾಲ್ ಹೊಲಿಯುವವರು. ಕಾಗದದ ಅಂಗಡಿಯ ಮಗ್ಗುಲಲ್ಲಿ ಮುದ್ರಕರು. ಎಲ್ಲ ಬೀದಿಗಳಿಗೂ ಸಾಮಾನ್ಯವಾಗಿ ಮೂಟೆ ಕಟ್ಟುವವರು, ಹಮಾಲರು, ಕೈಗಾಡಿಯವರು. ಸಮೀಪದಲ್ಲೇ ಸರಕನ್ನು ಊರೂರಿಗೆ ಮುಟ್ಟಿಸುವ ಲಾರಿ ಕಚೇರಿಗಳು. ಅರ್ಥಶಾಸ್ತ್ರಜ್ಞರು ಇದನ್ನು ಉದ್ಯಮಗಳ ಗುಚ್ಛ ಎನ್ನುತ್ತಾರೆ. ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಒಂದೇ ಕಸುಬು ಒಂದೆಡೆ ನೆಲೆಗೊಂಡಾಗ ದೊರೆಯುವ ಅನುಕೂಲಗಳನ್ನು ವಿವರಿಸಿದನು. ಕೆಂಪೇಗೌಡರ ಪೇಟೆಯಲ್ಲಿ ಆ ತತ್ತ್ವ ಅದಕ್ಕೂ ಮೂರು ಶತಮಾನಗಳ ಮೊದಲೇ ಆಚರಣೆಯಲ್ಲಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ಉದ್ದರಿಯ ವ್ಯವಸ್ಥೆ. ಹತ್ತಾರು ವರ್ಷ ಒಂದೇ ಅಂಗಡಿಗೆ ಹೋಗಿ ಬರುವ ಗ್ರಾಮಾಂತರ ವರ್ತಕನಿಗೆ ಸಗಟು ವ್ಯಾಪಾರಿಯು ವಾಯಿದೆಯ ಮೇಲೆ ಸರಕು ಕೊಡುತ್ತಾನೆ. ಬೆಳೆ ಕೈಗೆ ಬಂದಾಗ ಊರಿನ ಗಿರಾಕಿ ಹಣ ಕೊಡುತ್ತಾನೆ, ಆಗ ಪೇಟೆಯ ಬಾಕಿ ತೀರುತ್ತದೆ. ಮಳೆ ಕೈಕೊಟ್ಟ ವರ್ಷ ಪಾವಗಡದ ನೆಲಗಡಲೆ ಹೊಲದ ನಷ್ಟವು ಚಿಕ್ಕಪೇಟೆಯ ಖಾತೆ ಪುಸ್ತಕದಲ್ಲಿ ಬಾಕಿಯಾಗಿ ಕಾಣಿಸುವುದು ಹೀಗೆ. ಯಾವ ಅಡಮಾನವೂ ಇಲ್ಲದ ಈ ಸಾಲಕ್ಕೆ ಮುಖಪರಿಚಯ ಮತ್ತು ಮಾತು ಇವೆರಡೇ ಭದ್ರತೆ.

ಪೇಟೆ ಕಂಡ ಏಳುಬೀಳು

ಪೇಟೆ ಕಾಲಕಾಲಕ್ಕೆ ಎದುರಿಸಿದ ಸಂಕಟಗಳು ಹಲವು. 1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿಗೆ ಬಂದು, ಪೂರ್ವದಲ್ಲಿ ಇನ್ನೊಂದು ನಗರವೇ ಬೆಳೆಯಿತು. ಪೇಟೆ ಮತ್ತು ದಂಡು ಬೇರೆ ಬೇರೆ ಆಡಳಿತದಲ್ಲಿ ಇದ್ದು, 1949ರಲ್ಲಿ ಒಂದೇ ನಗರಪಾಲಿಕೆಯಡಿ ಕೂಡಿದವು. 1898ರ ಪ್ಲೇಗ್ ಇಕ್ಕಟ್ಟಿನ ಪೇಟೆಯನ್ನು ತಲ್ಲಣಗೊಳಿಸಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡದ್ದು ಆ ಕಾಲದಲ್ಲಿ. ಅನುಕೂಲವಿದ್ದ ಕುಟುಂಬಗಳು ವಾಸವನ್ನು ಬಡಾವಣೆಗಳಿಗೆ ಬದಲಿಸಿದರೂ ಅಂಗಡಿಯನ್ನು ಪೇಟೆಯಲ್ಲಿಯೇ ಉಳಿಸಿಕೊಂಡವು. ಮನೆ ಮತ್ತು ಅಂಗಡಿ ಬೇರೆಯಾದದ್ದು ಪೇಟೆಯ ಬಾಳಿನಲ್ಲಿ ದೊಡ್ಡ ತಿರುವು. ರೈಲು ಬಂದ ಮೇಲೆ ಎತ್ತಿನ ಗಾಡಿಗಳ ಸಾಲು ಕಡಿಮೆಯಾಗಿ ಗಿರಣಿ ಬಟ್ಟೆ ಹೆಚ್ಚಿತು. ಕೈಮಗ್ಗದ ಬೀದಿಗಳು ಗಿರಣಿಯ ಸರಕನ್ನು ಮಾರುವ ಬೀದಿಗಳಾದವು. ಧಾನ್ಯ ವಹಿವಾಟಿನ ಬಹುಪಾಲು ಯಶವಂತಪುರದ ಕೃಷಿ ಮಾರುಕಟ್ಟೆ ಪ್ರಾಂಗಣಕ್ಕೆ ಸರಿಯಿತು.

ಈ ಪ್ರತಿಯೊಂದು ಸಂದರ್ಭದಲ್ಲಿಯೂ ಪೇಟೆ ತನ್ನ ಸರಕನ್ನು ಬದಲಿಸಿತು, ಪದ್ಧತಿಯನ್ನು ಬಿಡಲಿಲ್ಲ. ಬಳೆಯ ಬೀದಿ ವಾದ್ಯದ ಬೀದಿಯಾಗಬಹುದು, ಕಬ್ಬಿಣದ ಬೀದಿ ಕಂಪ್ಯೂಟರಿನ ಬೀದಿಯಾಗಬಹುದು. ಒಂದು ಬೀದಿಗೆ ಒಂದು ಸರಕೆಂಬ ಕಟ್ಟಳೆ ಮಾತ್ರ ಮುರಿಯಲಿಲ್ಲ.

ಇಂದಿನ ಅಪಾಯ

ಈಗಿನ ಅಪಾಯ ಹಿಂದಿನವುಗಳಿಗಿಂತ ಭಿನ್ನವಾದದ್ದು. ಅಂತರ್ಜಾಲದ ಮೂಲಕ ಕೊಳ್ಳುವ ಪದ್ಧತಿ ಬಂದ ಮೇಲೆ ದರ ವಿಚಾರಿಸಲು ಬೀದಿ ಸುತ್ತಬೇಕಾಗಿಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾದ ಮೇಲೆ ಕೈಚೀಟಿಯ ವ್ಯವಹಾರಕ್ಕೆ ಅವಕಾಶ ಕುಗ್ಗಿದೆ. ಇವೆರಡಕ್ಕೂ ಪೇಟೆ ಹೊಂದಿಕೊಳ್ಳುತ್ತಿದೆ. ಮೊಬೈಲಿನಲ್ಲಿ ನಮೂನೆಯ ಚಿತ್ರ ಕಳುಹಿಸಿ ಸರಕು ರವಾನಿಸುವ ವ್ಯಾಪಾರಿಗಳು ಈಗ ಪ್ರತಿ ಬೀದಿಯಲ್ಲೂ ಇದ್ದಾರೆ.

ಪೇಟೆಗೆ ಒಳಗಿನಿಂದಲೇ ಬಂದಿರುವ ಅಪಾಯ ಇನ್ನೊಂದಿದೆ. ನೆಲದ ಬೆಲೆ ಏರಿದಂತೆ ಹಳೆಯ ಹೆಂಚಿನ ಮನೆ, ತೊಟ್ಟಿಮನೆಗಳು ಉರುಳಿ, ಕಿರಿದಾದ ನಿವೇಶನದಲ್ಲಿಯೇ ಅಂತಸ್ತಿನ ಮೇಲೆ ಅಂತಸ್ತು ಎದ್ದಿವೆ. ಕೆಳಗೆ ಅಂಗಡಿ, ನಡುವೆ ದಾಸ್ತಾನು, ಮೇಲೆ ಕೆಲಸಗಾರರ ವಾಸ. ಬೆಂಕಿ ಆರಿಸುವ ವಾಹನ ಒಳಹೊಗಲಾರದ ಓಣಿಗಳಲ್ಲಿ ಪ್ಲಾಸ್ಟಿಕ್, ಬಟ್ಟೆ, ರಾಸಾಯನಿಕಗಳ ಮೂಟೆಗಳು. 2021ರ ಸೆಪ್ಟೆಂಬರಿನಲ್ಲಿ ಹೊಸ ತರಗುಪೇಟೆಯ ಗೋದಾಮೊಂದರಲ್ಲಿ ಪಟಾಕಿ ಸ್ಫೋಟಿಸಿ ಜೀವಹಾನಿಯಾಯಿತು. 2025ರ ಆಗಸ್ಟ್ 16ರ ನಸುಕಿನಲ್ಲಿ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ತಗುಲಿ ಐವರು ಅಸುನೀಗಿದರು. ಅವರಲ್ಲಿ ನಾಲ್ವರು ಒಂದೇ ಕುಟುಂಬದವರು. ದುಡಿದು ಉಣ್ಣಲು ಬಂದವರಿಗೆ ಪೇಟೆಯೇ ಉರುಳಾಗುವುದಾದರೆ ಅದರ ಐದು ಶತಮಾನದ ಹಿರಿಮೆಗೆ ಅರ್ಥವಿಲ್ಲ.

ಈ ಕಾರಣದಿಂದ ದಾಸ್ತಾನನ್ನು ನಗರದ ಹೊರಗೆ ಸಾಗಿಸಬೇಕು, ಪೇಟೆಯಲ್ಲಿ ನಮೂನೆ ಮತ್ತು ಚಿಲ್ಲರೆ ವ್ಯಾಪಾರ ಮಾತ್ರ ಇರಬೇಕು ಎಂಬ ವಾದವಿದೆ. ಬೆಂಕಿ ಹೊತ್ತುವ ಸರಕಿನ ಮಟ್ಟಿಗೆ ಈ ವಾದವನ್ನು ಅಲ್ಲಗಳೆಯುವಂತಿಲ್ಲ. ಆದರೆ ಇಡೀ ಸಗಟು ವ್ಯಾಪಾರವನ್ನೇ ಕಿತ್ತು ಊರಾಚೆ ನೆಟ್ಟರೆ ಬೇರು ಹಿಡಿಯುತ್ತದೆಂಬ ಭರವಸೆಯಿಲ್ಲ. ಹಮಾಲ, ಮುದ್ರಕ, ದಲ್ಲಾಳಿ, ಕುಚ್ಚು ಕಟ್ಟುವವಳು ಇವರೆಲ್ಲರ ಹೆಣಿಗೆಯೇ ಪೇಟೆ. ಒಂದು ಎಳೆ ಕಿತ್ತರೆ ಉಳಿದವೂ ಸಡಿಲವಾಗುತ್ತವೆ. ಶಿರಾದಿಂದ ಗಂಜಾಮಿಗೆ ಕುಟುಂಬಗಳನ್ನು ಸಾಗಿಸಿದಾಗ ಆದದ್ದು ಇದೇ. ಅಲ್ಲದೆ ಹಳೆಯ ಬಾಡಿಗೆಯ ಕಟ್ಟಡಗಳಲ್ಲಿ ರಿಪೇರಿಯ ಖರ್ಚು ಮಾಲೀಕನಿಗೂ ಬೇಡ, ಬಾಡಿಗೆದಾರನಿಗೂ ಬೇಡ ಎಂಬ ಸ್ಥಿತಿಯಿರುವವರೆಗೆ ಪರಂಪರೆಯ ರಕ್ಷಣೆಯೆಂಬುದು ಭಾಷಣದ ಮಾತಾಗಿಯೇ ಉಳಿಯುತ್ತದೆ. ಸುರಕ್ಷತೆಯ ಕಟ್ಟುನಿಟ್ಟು ಮತ್ತು ವ್ಯಾಪಾರದ ಅನುಕೂಲ ಎರಡನ್ನೂ ಒಟ್ಟಿಗೆ ನೋಡುವ ಯೋಜನೆಯೊಂದೇ ಪೇಟೆಯನ್ನು ಉಳಿಸಬಲ್ಲದು.

ವರ್ತಕರಿಗೂ ಉದ್ದಿಮೆದಾರರಿಗೂ ಕೆಲವು ಸೂಚನೆಗಳು

ಪೇಟೆಯೊಡನೆ ವ್ಯವಹರಿಸುವ ತುಮಕೂರು ಜಿಲ್ಲೆಯವರು ಕೆಲವು ಅಂಶಗಳನ್ನು ಗಮನದಲ್ಲಿಡುವುದು ಲೇಸು. ಮೊದಲನೆಯದಾಗಿ, 50,000 ರೂಪಾಯಿಗಿಂತ ಹೆಚ್ಚಿನ ಮೌಲ್ಯದ ತೆರಿಗೆಯೋಗ್ಯ ಸರಕು ಸಾಗಿಸುವಾಗ ಸಾಮಾನ್ಯವಾಗಿ ಇ-ವೇ ಬಿಲ್ ಅಗತ್ಯ. ಲಾರಿ ಕಚೇರಿಯವರು ನೋಡಿಕೊಳ್ಳುತ್ತಾರೆಂದು ಸುಮ್ಮನಿರದೆ, ಬಿಲ್ಲು ತಮ್ಮ ನೋಂದಣಿ ಸಂಖ್ಯೆಯ ಮೇಲೆ ಸರಿಯಾಗಿ ಬಂದಿದೆಯೇ ಎಂದು ಮೂಟೆ ಹೊರಡುವ ಮೊದಲೇ ನೋಡಿಕೊಳ್ಳಬೇಕು.

ಎರಡನೆಯದಾಗಿ, ಪೇಟೆಯ ಅಂಗಡಿಗಳಿಗೆ ಸರಕು ಒದಗಿಸುವ ಸಣ್ಣ ತಯಾರಕರು ಬಾಕಿ ವಸೂಲಿಯ ತೊಂದರೆ ಹೇಳಿಕೊಳ್ಳುವುದುಂಟು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು, ಬರಹದ ಕರಾರು ಇದ್ದರೂ, 45 ದಿನಗಳ ಆಚೆಗೆ ತಳ್ಳುವಂತಿಲ್ಲ. ತಡವಾದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿಗೆ ಅವಕಾಶವಿದೆ. ಈ ರಕ್ಷಣೆ ಬೇಕಾದವರು 2020ರ ಜುಲೈಯಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ ಮಾಡಿಸಿಕೊಂಡಿರಬೇಕು. ಕಾಯಿದೆಯ ಮಾತು ಎತ್ತಿದರೆ ಹಳೆಯ ಬಾಂಧವ್ಯ ಕೆಡುತ್ತದೆಂಬ ಅಂಜಿಕೆ ಸಹಜ. ಆದರೆ ವಾಯಿದೆಯನ್ನು ಮೊದಲೇ ಬಿಲ್ಲಿನ ಮೇಲೆ ಬರೆದು ಒಪ್ಪಿಕೊಂಡರೆ ಜಗಳಕ್ಕೆ ಆಸ್ಪದವೇ ಇರುವುದಿಲ್ಲ.

ಮೂರನೆಯದಾಗಿ, ಬೇರೆ ಬೇರೆ ಊರಿನ ಅಂಗಡಿಯವರು ಒಬ್ಬೊಬ್ಬರೇ ಕೊಳ್ಳುವ ಬದಲು ನಾಲ್ಕಾರು ಮಂದಿ ಒಟ್ಟುಗೂಡಿ ಕೊಂಡು, ಒಂದೇ ಲಾರಿಯಲ್ಲಿ ಸರಕು ತರಿಸಿಕೊಂಡರೆ ದರದಲ್ಲೂ ಸಾಗಣೆಯಲ್ಲೂ ಉಳಿತಾಯವಿದೆ.

ಕೊನೆಯದಾಗಿ, ಪೇಟೆಯ ಸೂತ್ರವನ್ನು ಊರಿನಲ್ಲಿಯೇ ಪ್ರಯೋಗಿಸುವುದು. ತುಮಕೂರಿನಿಂದ ಶಿರಾದ ಕಡೆಗೆ ಬರುವ ಹೆದ್ದಾರಿಯ ಬಳಿ ವಸಂತನರಸಾಪುರ ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ. ಅದರಾಚೆಯ ಕಳ್ಳಂಬೆಳ್ಳ, ಶಿರಾಗಳು ಬೆಂಗಳೂರಿನಿಂದ ಸರಕು ತಂದು ಮಾರುವ ಊರುಗಳಾಗಿಯೇ ಇರಬೇಕೆಂದಿಲ್ಲ. ಶಿರಾ ಭಾಗದ ಕುರಿ ಉಣ್ಣೆಯ ಕಂಬಳಿ, ಪಾವಗಡ–ಮಧುಗಿರಿಯ ನೆಲಗಡಲೆ ಮೊದಲಾದವಕ್ಕೆ ಒಂದೊಂದು ಬೀದಿ, ಒಂದೊಂದು ಸಾಲು ಮೀಸಲಾಗಿ, ಕೊಳ್ಳುವವರು ಅಲ್ಲಿಗೇ ಬರುವಂತಾದರೆ ಸಣ್ಣ ಊರಿನಲ್ಲಿಯೂ ಪೇಟೆ ಕಟ್ಟಬಹುದು. ಒಬ್ಬನ ಪಕ್ಕದಲ್ಲಿ ಇನ್ನೊಬ್ಬ ಅದೇ ಅಂಗಡಿ ತೆರೆದರೆ ವ್ಯಾಪಾರ ಕೆಡುತ್ತದೆಂಬ ಭಯವನ್ನು ಬಿಡುವುದು ಇದರ ಮೊದಲ ಹೆಜ್ಜೆ. ಚಿಕ್ಕಪೇಟೆ ಕೆಟ್ಟಿದ್ದರೆ ಅದು ಎಂದೋ ಆ ಕಾರಣದಿಂದಲೇ ಕೆಡಬೇಕಾಗಿತ್ತು.

ಮುಂದಿನ ಬಾರಿ ಬೆಂಗಳೂರಿಗೆ ಹೋಗುವವರು ಖರೀದಿ ಮುಗಿದ ಮೇಲೆ ಒಂದು ಗಂಟೆ ಬಿಡುವು ಮಾಡಿಕೊಂಡು ದೊಡ್ಡಪೇಟೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಬಹುದು. ಶಿರಾದ ಕೋಟೆಯನ್ನು ನೋಡಲು ಚೀಟಿ ಬೇಕಿಲ್ಲ, ಬೆಂಗಳೂರಿನ ಪೇಟೆಯನ್ನು ನೋಡಲೂ ಚೀಟಿ ಬೇಕಿಲ್ಲ. ಎರಡನ್ನೂ ನೋಡಿದ ವರ್ತಕನಿಗೆ, ಊರನ್ನು ಬಾಳಿಸುವುದು ಯಾವುದು ಎಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.